ಸಣ್ಣ ಹಡಗ, ದೊಡ್ಡ ಹಡಗ

ಅಲ್ಲ ದೀಪಾ, ಸಣ್ಣ ಹಡಗ ಮುಳುಗತೈತಿ ಅಂತ ನಾ ಎಲ್ಲೆ ಹೇಳಿದೆ? ಮುಳುಗೂದಿಲ್ಲ. ದಿನಾ ಸಾವಿರ ಮಂದಿ ಹೋಗತಾರ, ಬರತಾರ. ನಾ ಹೇಳಾಕತ್ತಿದ್ದು ಮನುಷ್ಯಾರ ಮಾತಲ್ಲ, ಗಾಡಿ ಮಾತು. ನೀನು ಆದಿತ್ಯ ಎರಡು ಮೋಟರ್‌ಸೈಕಲ್ ತಗೊಂಡು ಹೊಂಟೀರಿ. ಇಟಲಿ ದಂಡ್ಯಾಗ ಗಾಡಿ ಹಡಗಕ್ಕ ಏರಿಸಿದ್ರಿ ಅಂದ್ರ ಗ್ರೀಸಿನ ದಂಡಿ ಮುಟ್ಟೂತನಾ ಅದು ನಿಮ್ಮ ಕೈಯಾಗ ಇರೂದಿಲ್ಲ. ನೀವು ಮ್ಯಾಲ, ಅದು ಕೆಳಗ. ಕೆಳಗ ಏನ ನಡದೈತಿ ನಿಮಗ ಕಾಣೂದಿಲ್ಲ. ಅದಕ್ಕ ದೊಡ್ಡದು ಅಂದೆ.

ಆ ಸ್ಟೂಲ್ ಜಗ್ಗಿಕೋ, ಕೂಡು. ಅಲ್ಲೆ ಎಣ್ಣಿ ಚೆಲ್ಲೈತಿ, ಪ್ಯಾಂಟ್ ನೋಡ್ಕೋ. ಗ್ಯಾರೇಜ್ ಬಾಗಲಾ ತಗದ ಇರಲಿ, ಗಾಳಿ ಬರತೈತಿ. ನಿಮ್ಮ ವಸಂತಾ ಕಾಕು ಶಿಫ್ಟಿಗೆ ಹೋಗ್ಯಾಳ, ಚಾ ನಾನ ಮಾಡೀನಿ. ಸಕ್ಕರಿ ಹೆಚ್ಚಾಗಿರಬೇಕು.

ಯಾಕ ನಗತೀ? ಆ ಹಾಳಿ ನೋಡಿ? ನಿಮ್ಮ ಇಂಟರ್ನೆಟ್ಟಿನ ಹಾಳಿ ನಾನೂ ನೋಡಿದೆ. ಎರಡೂ ಹಡಗ ಒಂದ ನಮೂನಿ ಕಾಣತಾವ. ಫೋಟೋದಾಗ ಎಲ್ಲಾ ಹಡಗನೂ ಬೆಳ್ಳಗ, ಎಲ್ಲಾ ಸಮುದ್ರನೂ ನೀಲಿ. ನಿನಗ ಗೊತ್ತಾಗಬೇಕಾದ್ದು ಕೆಳಗಿನ ಡೆಕ್ಕು. ಅದರ ಫೋಟೋ ಯಾವನೂ ಹಾಕೂದಿಲ್ಲ. ದೊಡ್ಡ ಹಡಗದಾಗ ಗಾಡಿಗೆ ಬ್ಯಾರೆ ಜಾಗಾ ಇರತೈತಿ, ಗ್ವಾಡಿ ಹತ್ತರ. ನೆಲದಾಗ ಕಬ್ಬಿಣದ ಉಂಗುರ ಇರತಾವ. ಹಡಗದ ಆಳು ಬಂದು ಸೀಟಿನ ಮ್ಯಾಲ ಕಂಬಳಿ ಹಾಕಿ, ಪಟ್ಟಿ ಬಿಗಿದು, ಒಮ್ಮೆ ಅಲುಗಾಡಿಸಿ ನೋಡಿ ಹೋಗತಾನ. ಸಣ್ಣದರಾಗ ಹಂಗಿಲ್ಲ. ಲಾರಿ, ಕಾರು, ಗಾಡಿ ಎಲ್ಲಾ ಒಂದ ಕಡೆ ತುರುಕತಾರ. ನೆಲದ ತುಂಬ ಎಣ್ಣಿ. ಒಬ್ಬ ಆಳು ಒಂದು ಹಗ್ಗಾ ಒಗದು, ಕಟ್ಟಿಕೋರಿ ಅಂತ ಕೈ ಮಾಡಿ ಹೋಗಿ ಬಿಡತಾನ. ಆಗತೈತಿ, ಅರ್ಧಾ ರೇಟಿನ್ಯಾಗ ಮುಟ್ಟತೀರಿ. ಸಮುದ್ರ ಸುಮ್ಕ ಮಲಗಿದ್ರ ಎರಡಕ್ಕೂ ಏನೂ ಫರಕ ಇಲ್ಲ.

ಬರಕೋ. ಸೈಡ್ ಸ್ಟ್ಯಾಂಡ್ ಮ್ಯಾಲ ನಿಲ್ಲಸೂದು. ಮೊದಲನೇ ಗೇರಿನ್ಯಾಗ ಇಡೂದು. ಮುಂದಿನ ಬ್ರೇಕ್ ಹಿಡದು ಹ್ಯಾಂಡಲ್ಲಿಗೆ ಕಟ್ಟಿಬಿಡೂದು. ಪಟ್ಟಿ ಎರಡು, ಎರಡೂ ಕಡೆ ಒಂದೊಂದು. ಎಲ್ಲಾ ಆದ ಮ್ಯಾಲ ಹತ್ತು ನಿಮಿಷ ಅಲ್ಲೆ ನಿಂದ್ರೂದು, ಮ್ಯಾಲ ಓಡಬಾರದು. ಜಾಗಾ ಹಿಡಿಯೂ ಗಡಬಡ್ಯಾಗ... ಇರಲಿ. ಆದಿತ್ಯಗ ಹೇಳು. ಬೆಂಗಳೂರಿನ ಅಳಿಯ, ಹಡಗ ನೋಡಿರೂದಿಲ್ಲ.

ಏನಂದಿ?

ನಿಮ್ಮಪ್ಪ ಕಳಿಸಿದ್ನಾ? ಬಸವಂತ? ನಾ ಏನ ತಿಳಕೊಂಡೆ ಅಂದ್ರ ನೀನ ಬಂದೀ ಅಂತ... ಏನಂದ ಅವ? ಹಂಗ ಅಂದ್ನಾ? ಹಡಗದ ಮಾತು ತಿಪ್ಪಣ್ಣ ಕಾಕಾನ ಕೇಳು, ಅವ ಯಾವುದು ಅಂತಾನೋ ಅದರಾಗ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಹಂಗ ಅಂದ? ಎಂಟ ವರ್ಷದಾಗ ಹಡಗ ಅನ್ನೂ ಶಬ್ದ ಅವನ ಬಾಯಾಗ ನಾ ಕೇಳಿಲ್ಲ. ನಿಮ್ಮ ಮನಿಗೆ ಭಾನುವಾರಕ್ಕೊಮ್ಮೆ ಬರತೇನಿ. ಹವಾ ಮಾತಾಡತೇವಿ, ಊರು ಮಾತಾಡತೇವಿ, ನಿನ್ನ ಲಗ್ನದ ಮಾತಾಡತೇವಿ. ಅದೊಂದು ಬಿಟ್ಟು.

ಬ್ಯಾಡ ತಂಗಿ. ಕೇಳಬ್ಯಾಡ. ನಿಮ್ಮವ್ವ ಹೇಳಿರತಾಳಲ್ಲ ಎಲ್ಲಾ... ಅಕಿ ಹೇಳಿದ್ದಷ್ಟ ಗೊತ್ತಾ ನಿನಗ? ಅಪ್ಪನ ಕಡಿಂದ ಒಂದ ಮಾತೂ ಕೇಳಿಲ್ಲ?

ಸರಿ. ಕೇಳು ಹಂಗಾರ. ಹೋಗೂದು ನೀನು, ನಿನಗ ಗೊತ್ತಿರಬೇಕು.

ನಾ ಈ ದೇಶಕ್ಕ ಬಂದಾಗ ಥಾರ್ನ್‌ಕ್ಲಿಫ್ ಪಾರ್ಕ್ ಅನ್ನೂ ಓಣ್ಯಾಗ, ಹದಿನಾಲ್ಕನೇ ಫ್ಲೋರಿನ್ಯಾಗ ಒಂದು ಖೋಲಿ. ಬಂದ ನಾಲ್ಕನೇ ದಿನ ಲಿಫ್ಟ್ ಕೆಟ್ಟಿತು. ಮೆಟ್ಟಲಾ ಏರಾಕತ್ತಿದ್ದೆ, ಮ್ಯಾಲಿಂದ ಒಬ್ಬಾಂವ ಲಿಫ್ಟಿಗೆ ಬೈಯೂದು ಕೇಳಿಸಿತು, ಕನ್ನಡದಾಗ. ಇಪ್ಪತ್ತು ಕಿಲೋ ಹಿಟ್ಟಿನ ಚೀಲಾ ಹೆಗಲ ಮ್ಯಾಲ. ಯಾವೂರ್ರೀ ಅಂದೆ. ಗೋಕಾಕ ಅಂದ. ನಂದು ಗದಗ ಅಂದೆ. ಚೀಲದ ಒಂದು ತುದಿ ಹಿಡಿ ಮೊದಲ, ಆಮ್ಯಾಲ ಊರು ಹೇಳು ಅಂದ. ಅವತ್ತ ರಾತ್ರಿ ನಿಮ್ಮವ್ವನ ಕೈ ರೊಟ್ಟಿ ಉಂಡೆ. ನೀ ಎಂಟ ವರ್ಷದಾಕಿ, ಸೋಫಾದ ಹಿಂದ ನಿಂತು ನನ್ನ ನೋಡಾಕತ್ತಿದ್ದಿ.

ನನಗ ಲಾರಿ ಕಲಿಸಿದಾಂವ ನಿಮ್ಮಪ್ಪ. ಐವತ್ತಮೂರ ಫೂಟಿನ ಟ್ರೇಲರ್ ಹಿಂದ ಹಾಕೂದು ಒಂದು ತಿಂಗಳ ಕಲಿಸಿದ, ತನ್ನ ಸೂಟಿ ದಿನಾ ಹಾಳ ಮಾಡ್ಕೊಂಡು. ಅವ ಲೋಡ್ ಕಟ್ಟಿದ್ರ ವಿನ್ನಿಪೆಗ್ ಮುಟ್ಟೂತನಾ ಒಂದು ಡಬ್ಬಿ ಮಿಸುಕತಿದ್ದಿಲ್ಲ. ನಾನೂ ಲೈಸೆನ್ಸ್ ತಗೊಂಡೆ, ಇಬ್ಬರೂ ಬ್ರ್ಯಾಂಪ್ಟನ್ನಿಗೆ ಬಂದ್ವಿ, ಒಂದ ಯಾರ್ಡಿನ್ಯಾಗ ಕೆಲಸಾ. ಹಗಲೆಲ್ಲಾ ಲಾರ್ಯಾಗ ಕುಂತು ಬ್ಯಾಸತ್ತ ಮಂದಿ ಸೂಟಿ ಬಂದ್ರ ಮನ್ಯಾಗ ಇರಬೇಕೋ ಬ್ಯಾಡೋ? ನಾವು ಹಳೇ ಮೋಟರ್‌ಸೈಕಲ್ ತಗೊಂಡ್ವಿ. ಅವಂದು ಕರೀದು, ನಂದು ಕೆಂಪಂದು. ನಿಮ್ಮವ್ವ ವಾರಗಟ್ಟಲೆ ಮಾತಾಡ್ಲಿಲ್ಲ. ಒಂದು ಸಲ ಟೋಬರ್ಮೋರಿಗೆ ಹೋಗಿ ಗಾಡಿ ಹಡಗಕ್ಕ ಏರಿಸಿ ಆಚೆ ದಂಡಿಗೆ ಹೋದ್ವಿ. ಅದ ನಮ್ಮ ಮೊದಲನೇ ಹಡಗ. ಕೆರಿ ಮ್ಯಾಲ ಎರಡ ತಾಸು, ನಿಮ್ಮಪ್ಪ ಎರಡ ತಾಸೂ ಅಂಚಿನ ಕಂಬಿ ಹಿಡಕೊಂಡ ನಿಂತಿದ್ದ, ಸಣ್ಣ ಹುಡುಗರಂಗ.

ಅಲ್ಲಿಂದ ತಲ್ಯಾಗ ಹೊಕ್ಕಿತು. ಗಾಡಿ ವಿಮಾನದಾಗ ಇಟಲಿಗೆ ಕಳಸೂದು, ಅಲ್ಲಿಂದ ಹಡಗದಾಗ ಗ್ರೀಸು, ಗ್ರೀಸ್ ದಾಟಿ ಟರ್ಕಿ. ಅಲ್ಲೆ ಸೇತುವಿ ಮ್ಯಾಲ ಏಷ್ಯಾಕ್ಕ ಕಾಲಿಟ್ಟು ಹೊಳ್ಳೂದು. ಯಾಕೋ ಬಸವಂತ, ಅಲ್ಲೆ ಏನೈತಿ ಅಂದ್ರ, ನಮ್ಮೂರಿಗೆ ಹೋಗೂ ದಾರಿನ ಅದು, ಅರ್ಧಾ ಮುಟ್ಟಿ ಬಂದ್ರ ಸಾಕು, ಅಂತಿದ್ದ. ಮೂರು ಚಳಿಗಾಲ ನಕಾಶೆ ಹರವಿಕೊಂಡು ಕುಂತ. ತೊಂಬತ್ತೊಂಬತ್ತರ ಆಗಸ್ಟಿನ್ಯಾಗ ಹೊಂಟ್ವಿ.

ಬಾರಿ ಅಂತ ಒಂದು ಬಂದರ. ಅಲ್ಲಿಂದ ದೊಡ್ಡ ಹಡಗಕ್ಕ ಟಿಕೆಟ್ ತಗಸಿದ್ವಿ, ಇಲ್ಲೆ ಕುಂತು, ಎರಡ ತಿಂಗಳ ಮೊದಲ. ಆ ಹಡಗ ತಪ್ಪಿತು. ತಡಾ ಆತು... ಹೆಂಗಂದ್ರ, ದಾರ್ಯಾಗ ತಡಾ ಆಗತೈತಿ, ಅದಕ್ಕೇನ ಕಾರಣ ಬೇಕು? ಮುಂದಿನ ದೊಡ್ಡ ಹಡಗದಾಗ ಮೂರ ದಿನಾ ಜಾಗಾ ಇಲ್ಲ ಅಂದ್ರು. ಆಗಸ್ಟ್ ನೋಡು, ಇಡೀ ಯುರೋಪು ರಸ್ತೆ ಮ್ಯಾಲ. ನಾವು ಕೆಳಗ ಬ್ರಿಂಡಿಸಿಗೆ ಹೋದ್ವಿ. ಅಲ್ಲೆ ಬಂದರಕ್ಕ ಹೋಗೂ ಬೀದಿ ತುಂಬ ಟಿಕೆಟ್ ಅಂಗಡಿ. ಒಂದರಾಗ ಒಬ್ಬಾಂವ ಅರ್ಧಾ ರೇಟಿನ ಹಡಗ ಹೇಳಿದ. ನಿಮ್ಮಪ್ಪ ಅಂದ... ಇದರಾಗ ಹೋಗೂಣು ಅಂದ. ಸಣ್ಣದಾದ್ರೇನು, ನಾಳೆ ಗ್ರೀಸಿನ್ಯಾಗ ಇರತೇವಿ ಅಂದ.

ಇದು ನಿನಗ ಗೊತ್ತಿದ್ದದ್ದ. ಹೌದಿಲ್ಲೋ?

ರಾತ್ರಿ ಬಿಡಬೇಕಾಗಿದ್ದ ಹಡಗ ಮುಂಜಾನೆ ಒಂಬತ್ತಕ್ಕ ಬಿಟ್ಟಿತು. ದಂಡಿ ಕಾಣೂತನಾ ಸುಮ್ಕ ಇತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು ನೋಡು. ಬಿಸಲು ಹಂಗ ಐತಿ, ಆಕಾಶ ಹಂಗ ನೀಲಿ ಐತಿ, ಸಮುದ್ರ ಮಾತ್ರ ಗುಡ್ಡ ಆಗೈತಿ. ಸಣ್ಣ ಹಡಗ ಎತ್ತಿ ಎತ್ತಿ ಒಗೀತದು. ಮಂದಿ ಬೆಂಚಿನ ಕಾಲ ಹಿಡಕೊಂಡು ಕುಂತ್ರು. ಅಷ್ಟರಾಗ ಕೆಳಗಿಂದ ಒಬ್ಬ ಆಳು ಬಂದು ಮೋತೋ, ಮೋತೋ ಅಂತ ಕೂಗಿದ. ಗಾಡಿ ಬಿದ್ದೈತಿ ಅಂತ. ನಿಮ್ಮಪ್ಪ ಎದ್ದ ಹೋದ. ಹಡಗ ನಡದಾಗ ಕೆಳಗ ಹೋಗಬಾರದು, ಕಾಯಿದೆ ಐತಿ. ಅವ ಹೋದ. ಗಾಡಿ ಮ್ಯಾಲ ಜೀವಾ ಅವಂದು. ಎತ್ತಾಕ ಬಗ್ಗಿದಾಗ ಇನ್ನೊಂದು ಹೊಯ್ದಾಟ ಬಂತು, ಗಾಡಿ ಜಾರಿಕೊಂಡು ಬಂದು ಅವನ್ನ ಲಾರಿ ಗಾಲಿಗೆ ಒತ್ತಿ ಹಿಡೀತು. ಟೊಂಕಾ, ಬಲಗಾಲು. ಅಷ್ಟ.

ಅದಕ್ಕ ಹೇಳತೇನಿ, ದೊಡ್ಡ ಹಡಗದಾಗ ಹೋಗ್ರಿ. ಮೂರ ದಿನಾ ಕಾಯಬೇಕಾದ್ರ ಕಾಯ್ರಿ. ಬಂದರದಾಗ ಮಲಗ್ರಿ. ಚಾ ಆರಾಕತ್ತೈತಿ, ಕುಡಿ.

ಏನು? ಯಾವ ಗಾಡಿ?

ಕರೇದನ್ನ ನಿನಗ ಕೊಟ್ಟಾನ? ಅದನ್ನ ತಗೊಂಡ ಹೊಂಟೀ ನೀ? ನಾ ಆದಿತ್ಯ ಹೊಸಾದು ತಗೊಂಡಾನ ಅಂದಕೂಡ್ಲೆ ಎರಡೂ ಹೊಸಾವು ಅಂತ ತಿಳಕೊಂಡಿದ್ದೆ. ಎಂಟ ವರ್ಷ ಟಾರ್ಪಾಲಿನ ಕೆಳಗ ಇತ್ತಲ್ಲ ಅದು. ಯಾವಾಗ ತಗದ್ರಿ? ಹೋದ ವಾರ. ನೀನ ಒರಸಿದಿ.

ಹೂಂ.

ಹೂಂ... ಗೆರಿ ಇಲ್ಲ. ಒಂದೂ ಇಲ್ಲ ಅಂತೀ. ಹ್ಯಾಂಡಲ್ ಸೊಟ್ಟಗಿಲ್ಲ, ಕನ್ನಡಿ ಒಡದಿಲ್ಲ. ಅಲ್ಲ, ಬ್ಯಾಗ್ ಇದ್ದುವಲ್ಲ ಎರಡೂ ಕಡೆ, ಚರ್ಮದ ಬ್ಯಾಗು, ಅದರ ಮ್ಯಾಲ ಬಿದ್ದಿರಬೇಕು. ಬ್ಯಾಗ್ ಮೆತ್ತಗಿರತಾವ... ಹೊಳ್ಳಿ ಕಳಸೂ ಮುಂದ ಅಲ್ಲಿನವರು ರಿಪೇರಿ ಮಾಡಿರಬೇಕು. ನನಗ ನೆನಪಿಲ್ಲ. ಎಂಟ ವರ್ಷದ ಮಾತು ದೀಪಾ, ಯಾವ ಗೆರಿ ಎಲ್ಲಿತ್ತು ಅಂತ ಯಾರು ನೆನಪಿಟ್ಟಿರತಾರ?

ಹಂಗ ನೋಡಬ್ಯಾಡ.

ಅಪ್ಪನ ಕೇಳಿದ್ಯಾ ಇದನ್ನ? ಏನಂದ? ... ಅದಕ್ಕ ಅವ ತಿಪ್ಪಣ್ಣನ ಕೇಳು ಅಂದ್ನಾ.

ಹೇಳತೇನಿ. ಒಂದು ನಿಮಿಷ ಇರು, ಕೈ ಒರಸಿಕೊಳ್ಳತೇನಿ.

ಬಿದ್ದದ್ದು ಕರೇ ಗಾಡಿ ಅಲ್ಲ. ಕೆಂಪಂದು. ನಂದು. ನಿಮ್ಮಪ್ಪಂದು ಕಟ್ಟಿದ ಹಂಗ ನಿಂತಿತ್ತು, ಗ್ರೀಸ್ ಮುಟ್ಟೂತನಾ. ಲಾರಿ ಲೋಡ್ ಕಟ್ಟೂ ಕೈ ಅದು, ಬೀಳತೈತೇನು? ನನ್ನ ಗಾಡಿ ಬಿತ್ತು. ಅದಕ್ಕ ನಾ ಅದನ್ನ ಹೊಳ್ಳಿ ತರಲಿಲ್ಲ, ಅಲ್ಲೆ ಮಾರಿ ಬಂದೆ. ಯಾರೂ ನೋಡಬಾರದು ಅಂತ.

ಆ ಆಳು ಮೋತೋ ಅಂದಾಗ, ರೋಸ್ಸೋ ಅಂದ. ಕೆಂಪು. ಇಬ್ಬರಿಗೂ ತಿಳೀತು. ನಾ ನೆಲದ ಮ್ಯಾಲ ಬಿದ್ದಿದ್ದೆ, ಮುಂಜಾನೆ ತಿಂದದ್ದೆಲ್ಲಾ ಹೊರಗ ಬಂದು, ತಲಿ ಎತ್ತಾಕ ಆಗತಿದ್ದಿಲ್ಲ. ನಿಮ್ಮಪ್ಪ ನನ್ನ ಮಾರಿ ನೋಡಿದ. ನಾ ಅಂದೆ, ನನ್ನ ಕೈಲೆ ಆಗೂದಿಲ್ಲೋ ಬಸವಂತ, ನೀ ಹೋಗಿ ನೋಡು. ಹಂಗ ಅಂದೆ. ಅವನೂ ಹಳದಿ ಆಗಿದ್ದ, ಗ್ವಾಡಿ ಹಿಡಕೊಂಡ ನಿಂತಿದ್ದ. ಸುಮ್ಕ ಬಿದ್ದಿರು, ನೀರು ಕುಡಿಬ್ಯಾಡ, ಇನ್ನೂ ಕಾರಿಕೊಳ್ಳತೀ ಅಂದ. ಮೆಟ್ಟಲಾ ಇಳದು ಹೋದ. ಅವ ನಡದ ಹೋದದ್ದು ನಾ ನೋಡಿದ್ದು ಅದ ಕಡೀಕ... ನೆಟ್ಟಗ ನಡದದ್ದು.

ಎಷ್ಟ ಹೊತ್ತು ಆತು ಗೊತ್ತಿಲ್ಲ. ಇಬ್ಬರು ಆಳು ಬಂದು ನನ್ನ ರಟ್ಟಿ ಹಿಡದು ಕರಕೊಂಡ ಹೋದ್ರು. ಕೆಳಗ ಪೆಟ್ರೋಲಿನ ವಾಸನಿ. ಅವ ಲಾರಿ ಗಾಲಿಗೆ ಆತುಕೊಂಡು ಕುಂತಿದ್ದ, ಗಾಡಿ ಎತ್ತಿ ಸರಿಸಿದ್ರು ಆವಾಗ. ಒದರಾಕತ್ತಿದ್ದಿಲ್ಲ. ನನ್ನ ನೋಡಿ, ತಿಪ್ಯಾ, ಟ್ಯಾಂಕಿನ ಮುಚ್ಚಳಾ ನೋಡು, ಪೆಟ್ರೋಲ್ ಸೋರಾಕತ್ತೈತಿ, ಯಾರೂ ಬೀಡಿ ಸೇದಬ್ಯಾಡ ಅನ್ನು ಅಂದ. ಇನ್ನೂ ಐದ ತಾಸಿನ ದಾರಿ ಇತ್ತು ದಂಡಿಗೆ. ಹಡಗದಾಗ ಡಾಕ್ಟರ್ ಇಲ್ಲ. ಒಬ್ಬ ಜರ್ಮನ್ ಹೆಣ್ಣಮಗಳು, ನರ್ಸ್ ಅಂತ, ಅಕಿ ಕಾಲಿಗೆ ಎರಡು ಹಲಗಿ ಕಟ್ಟಿದಳು. ನಾ ಅವನ ತಲಿ ನನ್ನ ತೊಡಿ ಮ್ಯಾಲ ಇಟ್ಟಕೊಂಡು ಕುಂತೆ. ಐದ ತಾಸು. ಏನ ಮಾಡಬೇಕು ನೀನ ಹೇಳು, ಸುತ್ತ ನೀರು. ಎದ್ದು ಎಲ್ಲಿಗೆ ಓಡೂದು?

ಮತ್ತ... ಸಣ್ಣ ಹಡಗ ಆರಿಸಿದ್ದೂ ನಾನ.

ಹೌದು. ದೊಡ್ಡ ಹಡಗ ತಪ್ಪಿದ್ದು ನನ್ನಿಂದ. ಅವತ್ತ ಮಧ್ಯಾಹ್ನ ಬಾರಿಗೆ ಹೋಗೂ ದಾರ್ಯಾಗ ಒಂದು ಊರು, ಸಮುದ್ರದ ದಂಡಿ. ಮೀನ ಊಟಾ ಮಾಡಿ ನೆರಳಾಗ ಮಲಗಿದೆ. ನಿಮ್ಮಪ್ಪ ಮೂರ ಸಲ ಎಬ್ಬಿಸಿದ. ಇನ್ನೂ ಹೊತ್ತೈತಿ ಬಿಡೋ ಅಂದೆ. ಬಂದರಕ್ಕ ಹೋಗೂದ್ರಾಗ ಹಡಗದ ಹಿಂಭಾಗ ಕಂಡಿತು. ಅವ ಒಂದ ಮಾತು ಅನಲಿಲ್ಲ. ಮೂರ ದಿನಾ ಕಾಯೂಣು, ನಡಿ, ಖೋಲಿ ಹುಡುಕೂಣು ಅಂದ. ನನಗ ಹೆಂಗ ಕಾಯಾಕ ಆಗತೈತಿ? ತಪ್ಪು ನಂದು, ಅವನ ಟರ್ಕಿ ಹಾಳಾಗತೈತಿ, ಸೂಟಿ ಇದ್ದದ್ದ ಮೂರ ವಾರ. ಅದನ್ನ ಹೆಂಗರ ಸರಿ ಮಾಡಬೇಕಂತ ಬ್ರಿಂಡಿಸಿಗೆ ಎಳಕೊಂಡ ಹೋದೆ. ಅವ ಬಂದರದಾಗ ಆ ಹಡಗ ನೋಡಿ ತಲಿ ಅಲ್ಲಾಡಿಸಿದ. ತಿಪ್ಪಣ್ಣ, ಇದರ ಬಾಗಲಾನ ಸೊಟ್ಟಗೈತಿ, ಬ್ಯಾಡ ಅಂದ. ನಾ ಅಂದೆ, ಲಾರಿ ಡ್ರೈವರ್ ಆಗಿ ಹೆಂಗಸರಂಗ ಹೆದರತೀ ಅಲ್ಲೋ. ನಕ್ಕ. ಆತು ನಡಿ ಅಂದ.

ಕಪ್ಪು ಯಾಕ ಕೆಳಗಿಟ್ಟಿ?

ನಿಮ್ಮವ್ವಗ ಯಾಕ ಸುಳ್ಳ ಹೇಳಿದೆ ಅಂತ ಕೇಳು. ಕೇಳು, ಹೇಳತೇನಿ. ಆ ಬಂದರದ ಊರಿನ ಹೆಸರು ನನ್ನ ಬಾಯಾಗ ಇವತ್ತಿಗೂ ಹೊಳ್ಳೂದಿಲ್ಲ. ಅಲ್ಲಿಂದ ಆಂಬುಲೆನ್ಸಿನ್ಯಾಗ ಗುಡ್ಡಾ ಹತ್ತಿ ಬ್ಯಾರೆ ಊರಿನ ದವಾಖಾನಿಗೆ ಒಯ್ದ್ರು. ಮರುದಿನ ವರಾಂಡದಾಗಿನ ಫೋನಿಂದ ನಿಮ್ಮವ್ವಗ ಹಚ್ಚಿದೆ. ಅಕಿ ಮೊದಲ ಅಳಲಿಲ್ಲ. ಮೊದಲ ಕೇಳಿದ್ದು, ದೊಡ್ಡ ಹಡಗದ ಟಿಕೆಟ್ ಮನ್ಯಾಗ ಕುಂತ ತಗಸಿದ್ರಿ, ಸಣ್ಣದಕ್ಕ ಯಾಕ ಹೋದ್ರಿ, ಯಾರು ಹೋಗೂಣು ಅಂದ್ರು? ನಾ ಏನ ಹೇಳಲಿ? ಎಂಟ ವರ್ಷ ಅಕಿ ಕೈ ರೊಟ್ಟಿ ತಿಂದಾಂವ. ವೈನಿ, ನಾ ಬ್ಯಾಡ ಅಂದೆ, ಅವ ಕೇಳಲಿಲ್ಲ. ಬಾಯಿಂದ ಬಂದ ಬಿಟ್ಟಿತು. ಬಂದ ಮ್ಯಾಲ ಹೆಂಗ ಹೊಳ್ಳಿ ತಗೊಳ್ಳೂದು? ಗಾಡೀನೂ ಅವಂದ ಅಂದೆ, ತಾನ ಕೆಳಗ ಹೋದ ಅಂದೆ. ಒಂದು ಹೇಳಿದ ಮ್ಯಾಲ ಉಳದದ್ದು ತಾನ ಬಂತು.

ನಾಲ್ಕ ದಿನಕ್ಕ ಅವಗ ಎಚ್ಚರಾ ಪೂರಾ ಬಂತು. ನಿಮ್ಮವ್ವ ಫೋನ್ ಹಚ್ಚಿದಳು, ನರ್ಸ್ ಅವನ ಕಿವಿಗೆ ಹಿಡದಳು. ನಾ ಮಂಚದ ಕಾಲದೆಸಿ ನಿಂತಿದ್ದೆ. ಅಕಿ ಬೈಯೂದು ನನಗ ಅಲ್ಲಿತನಾ ಕೇಳಸತಿತ್ತು. ತಿಪ್ಪಣ್ಣ ಬ್ಯಾಡ ಅಂದ್ರೂ ಕೇಳಲಿಲ್ಲಂತ ನೀವು. ಅವ ನನ್ನ ನೋಡಿದ. ನಾ ಕೆಳಗ ನೋಡಿದೆ. ಈಗ ಹೇಳತಾನ, ಈಗ ಹೇಳತಾನ ಅಂತ ನಿಂತಿದ್ದೆ. ಅವ ಫೋನಿನ್ಯಾಗ ಅಂದ, ಹೌದು ರುದ್ರವ್ವಾ, ನಂದ ತಪ್ಪು.

ಅಲ್ಲಿಂದ ಇಲ್ಲಿತನಾ ಅದ ನಡದೈತಿ. ಅವ ಕ್ಲಚ್ ತುಳಿಯಾಕ ಬರದಂಗಾದ, ಗೋದಾಮಿನ ಗೇಟಿನ್ಯಾಗ ಕುಂತ. ನಿಮ್ಮವ್ವ ಏರ್‌ಪೋರ್ಟ್ ಅಡಗಿ ಮನ್ಯಾಗ ಎರಡೆರಡು ಶಿಫ್ಟ್ ಮಾಡಿದಳು. ಅವ ಮೆಟ್ಟಲಾ ಇಳಿಯೂ ಮುಂದೆಲ್ಲಾ, ಅಗ್ಗದ ಹಡಗ ಹತ್ತಿದವರು ಹಿಂಗ ಇಳೀಬೇಕು ಅಂತಾಳ. ನಾ ಅಲ್ಲೆ ಕುಂತಿರತೇನಿ. ರೊಟ್ಟಿ ಮುರದು ಪಲ್ಲೆ ಹಚ್ಚಿಕೋತ ಕುಂತಿರತೇನಿ.

ಅವತ್ತ ನೀನೂ ಅಂದಿದ್ದಿ. ನೆನಪೈತಾ? ನಿನಗ ಹದಿನೇಳು. ರೊಕ್ಕಿಲ್ಲ, ಶಾಲಿ ಟ್ರಿಪ್ಪಿಗೆ ಹೋಗಬ್ಯಾಡ ಅಂದಾಗ. ಇಂಗ್ಲಿಷಿನ್ಯಾಗ ಅಂದಿ. ಯೂ ಡಿಡ್ ದಿಸ್ ಟು ಅಸ್, ಡ್ಯಾಡ್. ಬಾಗಲಾ ಬಡದು ಒಳಗ ಹೋದಿ. ಅವ ಊರುಗೋಲು ಹಿಡಕೊಂಡು ಆ ಬಾಗಲಾ ನೋಡಕೋತ ನಿಂತ. ನಾ ಹಿಂದ ಸೋಫಾ ಮ್ಯಾಲ ಇದ್ದೆ. ಒಂದು ಮಾತು ನನ್ನ ಬಾಯಿಂದ ಬಂದಿದ್ರ ಸಾಕಾಗಿತ್ತು. ಅವತ್ತೂ ಆಗಲಿಲ್ಲ.

ಅಳಾಕತ್ತೀ ಏನು? ... ಇಲ್ಲ. ಅಳಾಕತ್ತಿಲ್ಲ.

ನೋಡು ದೀಪಾ, ನಿಮ್ಮಪ್ಪ ಸುಮ್ಮಸುಮ್ಮನ ನನ್ನ ತಪ್ಪು ಹೊತ್ತಾನ ಅಂತ ತಿಳಕೋಬ್ಯಾಡ. ಅವಗೂ ಒಂದು ಕಾರಣ ಐತಿ. ಅದೂ ಹೇಳತೇನಿ, ನಿನಗ ಸ್ವಲ್ಪ ಹಗುರ ಆಗಬಹುದು. ಅವತ್ತ ಫೋನ್ ಇಟ್ಟ ಮ್ಯಾಲ ನಾ ಅವನ ಕೈ ಹಿಡಕೊಂಡೆ. ಯಾಕ ಹಂಗಂದ್ಯೋ ಅಂದೆ. ಅವ ಅಂದ, ಬ್ರ್ಯಾಂಪ್ಟನ್ನಿಂದ ನಾಲ್ಕು ಪಟ್ಟಿ ತಂದಿದ್ದೆ. ಎರಡು ಹೊಸಾವು, ಎರಡು ಲಾರ್ಯಾಗ ಬಳಸಿ ಹಳೇವಾದುವು. ಹೊಸಾವು ನನ್ನ ಗಾಡಿಗೆ ಕಟ್ಟಿದೆ. ಹಳೇವು ನಿನಗ ಕೊಟ್ಟೆ. ಕೊಡೂ ಮುಂದ ನನಗ ಗೊತ್ತಿತ್ತು ತಿಪ್ಪಣ್ಣ, ಅದರ ಅಂಚು ಸವದೈತಿ ಅಂತ. ಆದ್ರೂ ಕೊಟ್ಟೆ. ಅದು ಹರದು ಗಾಡಿ ಬಿತ್ತು, ನನ್ನ ಮ್ಯಾಲನ ಬಿತ್ತು. ಹಿಂಗಂದ, ಗ್ವಾಡಿ ಕಡೆ ಹೊರಳಿದ. ಅದಕ್ಕ ಅವ ಎಂಟ ವರ್ಷ ಸುಮ್ಕ ಕುಂತಾನ. ತನ್ನ ಗಾಡಿಗೆ ಹೊಸಾದು ಇಟ್ಟಕೊಂಡೆ ಅಂತ. ನಿಮ್ಮವ್ವ ಬೈದಾಗೊಮ್ಮೆ ಅವ ಅದನ್ನ ನೆನಸಿಕೊಳ್ಳತಾನ, ನನಗ ಅವನ ಮಾರಿ ನೋಡಿದ್ರ ತಿಳೀತೈತಿ.

ಪಟ್ಟಿ ಹರದದ್ದಕ್ಕ ಯಾರೇನ ಮಾಡೂದು? ಅದು ಯಾರ ಕೈಯಾಗೂ ಇರಲಿಲ್ಲ. ನನ್ನ ಕೈಯಾಗೂ ಇಲ್ಲ, ಅವನ ಕೈಯಾಗೂ ಇಲ್ಲ. ಗಾಳಿ ಬರತೈತಿ ಅಂತ ಯಾರಿಗೆ ಗೊತ್ತು...

ಏನರ ಅನ್ನವಾ. ಬೈ. ಇಂಗ್ಲಿಷಿನ್ಯಾಗ ಬೇಕಾದ್ರ ಬೈ, ನನಗ ತಿಳೀತೈತಿ.

ನೀ ಲಾರಿ ಡ್ರೈವರನ ಮಗಳು. ನಿನಗ ಪಟ್ಟಿ ಗೊತ್ತು. ಲೋಡ್ ಕಟ್ಟೂ ಪಟ್ಟಿ ಒಂದು ಗಾಡಿ ಭಾರಕ್ಕ ಹರಿಯೂದಿಲ್ಲ. ಎಷ್ಟ ಹಳೇದಾದ್ರೂ. ಅದನ್ನ ನೀ ವಿಚಾರ ಮಾಡಾಕತ್ತೀ. ಹೌದಿಲ್ಲೋ? ಹಂಗ ನೆಟ್ಟಗ ನೋಡಕೋತ ಕುಂತ್ರ ನಾ ಏನ ಹೇಳಬೇಕು.

ಹರೀಲಿಲ್ಲ.

ಎರಡು ಕೊಟ್ಟಿದ್ದ. ನಾ ಒಂದ ಕಟ್ಟಿದೆ. ಮ್ಯಾಲ ಬೆಂಚು ತುಂಬತಾವ, ಲಗೂನ ಜಾಗಾ ಹಿಡಿಬೇಕು ಅಂತ ಮಂದಿ ಓಡಾಕತ್ತಿದ್ರು. ನಾನೂ ಓಡಿದೆ. ಎರಡನೇದು ಸುತ್ತಿ ಬ್ಯಾಗಿನ್ಯಾಗ ಹಾಕಿದೆ. ಅವ ಆಚೆ ಕಡೆ ತನ್ನ ಗಾಡಿ ಕಟ್ಟಾಕತ್ತಿದ್ದ, ಬಗ್ಗಿ. ಕಟ್ಟಿದ್ಯಾ ತಿಪ್ಪಣ್ಣ ಅಂತ ಕೇಳಿದ. ಕಟ್ಟೀನಿ ಅಂದೆ. ಎರಡೂ? ಎರಡೂ ಅಂದೆ. ಒಂದ ಕಡೆ ಜಗ್ಗಿದ ಗಾಡಿ ಇನ್ನೊಂದ ಕಡೆ ಬೀಳದ ಏನ ಮಾಡತೈತಿ?

ದವಾಖಾನ್ಯಾಗ ಅವ ಹಳೇ ಪಟ್ಟಿ ಹರೀತು ಅಂದಾಗ ಅದು ನನ್ನ ಬ್ಯಾಗಿನ್ಯಾಗ ಇತ್ತು, ಅವನ ಮಂಚದ ಕೆಳಗ, ಸುತ್ತಿದ್ದು ಸುತ್ತಿದ ಹಂಗ. ಕಾಲಲೆ ಬ್ಯಾಗ್ ಒಳಗ ಸರಿಸಿದೆ. ಆತು ಬಿಡೋ ಬಸವಂತ, ಹಳೇದಿತ್ತು, ಹರೀತು, ನೀ ಮನಸ್ಸಿಗೆ ಹಚ್ಚಿಕೋಬ್ಯಾಡ ಅಂದೆ. ಸಮಾಧಾನ ಮಾಡಿದೆ ಅವನ್ನ. ನಾನ.

ಇದು ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಕು ವಸಂತಾಗೂ ಗೊತ್ತಿಲ್ಲ. ಅವಗ ಗೊತ್ತಿಲ್ಲ. ಅವ ಇವತ್ತಿಗೂ ಆ ಗೇಟಿನ್ಯಾಗ ಕುಂತು, ಹೋಗೂ ಲಾರಿದೆಲ್ಲಾ ಪಟ್ಟಿ ಜಗ್ಗಿ ನೋಡತಾನಂತ. ಅದು ಅವನ ಕೆಲಸಲ್ಲ. ಡ್ರೈವರ್ ಮಂದಿ ನಗತಾರ. ನನಗ ಬಂದು ಹೇಳತಾರ, ನಿಮ್ಮ ದೋಸ್ತಗ ಹುಚ್ಚ ಹಿಡದೈತಿ ಅಂತ. ನಾನೂ ನಗತೇನಿ.

ದೀಪಾ. ಅವಗ ಹೆಂಗ ಹೇಳೂದು? ಹೇಳಿದ್ರ ಅವ ನನ್ನ ಮಾರಿ ನೋಡೂದಿಲ್ಲ. ಹೇಳಲಿಲ್ಲಂದ್ರ ಅವ ಹಂಗ ಸಾಯತಾನ. ಎಂಟ ವರ್ಷ ಇದರಾಗ ಒಂದೂ ನನ್ನ ಕೈಲೆ ಆಗಿಲ್ಲ. ನೀ ಹೇಳತೀ ಏನು? ನೀ ಹೇಳಿದ್ರ... ಮಗಳ ಬಾಯಿಂದ ಕೇಳಿದ್ರ ಅವಗ...

ಎದ್ದಿ ಯಾಕ? ಚಾ ಹಂಗ ಐತಿ. ಹಾಳಿ ಬಿಟ್ಟ ಹೊಂಟಿ ನೋಡು, ದೀಪಾ. ಹಡಗದ ಹಾಳಿ.

ಕಾರಿನ ಆ ಕಡೆ ಬಾಗಲಾ ಯಾಕ ತಗದೀ?

ಈಗನ?

ಬಟ್ಟಿ ಎಣ್ಣಿ ಆಗ್ಯಾವ, ಬದಲಿ ಮಾಡಿ... ಬ್ಯಾಡ? ನಿಮ್ಮ ಮನ್ಯಾಗ ಯಾರ್ಯಾರ ಇರತಾರ ಈಗ? ನಿಮ್ಮವ್ವನೂ ಇರತಾಳೇನು? ಶನಿವಾರ. ಇಬ್ಬರೂ ಇರತಾರ.

ಬಂದೆ. ಇರು, ಗ್ಯಾರೇಜ್ ಬಾಗಲಾ ಹಾಕತೇನಿ. ಬಂದೆ.